ನಲವತ್ತೆಂಟಕ್ಕೆ ಹದಿನೈದು

ಆಸ್ಪತ್ರೆಯ ನೆಲಮಹಡಿಯಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕದಲ್ಲಿ, ಪರೀಕ್ಷೆಗೆ ರಕ್ತ ತೆಗೆಯುವವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರುಗಳಿಗೂ ಅಕ್ಕ, ಅವಳಿಗಿಂತ ಇಪ್ಪತ್ತು ವರ್ಷ ಹಿರಿಯರಾದ ರೋಗಿಗಳಿಗೂ ಅಕ್ಕ. ಹಾಗೆ ಕರೆಯುವ ನಿಜವಾದ ಹಕ್ಕಿದ್ದದ್ದು ಒಬ್ಬಳೇ ತಂಗಿಗೆ. ಅವಳು ಮಾತ್ರ ‘ಏನೇ’ ಎನ್ನುತ್ತಿದ್ದಳು. ಅಕ್ಕನಿಗೆ ನಲವತ್ತಾರು. ಸೂಜಿ ಚುಚ್ಚಿದ್ದೇ ಗೊತ್ತಾಗದಂಥ ಕೈ ಎಂದು ಹೆಸರಾಗಿತ್ತು.

ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆಗೆ ಬಂದ ಮುದುಕರೊಬ್ಬರು ಅಂಗಿಯ ತೋಳು ಮಡಚಿ ಕೈಯನ್ನು ಮೇಜಿನ ಮೇಲಿಟ್ಟರು. ಹೆಬ್ಬೆರಳಿನ ಬದಿಯಲ್ಲಿ ಗಟ್ಟಿ ಬಿದ್ದ ಚರ್ಮ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು. ಆ ಕೈಯನ್ನು ನೋಡಿದ ಮೇಲೆ ಮುಖ ನೋಡುವ ಅಗತ್ಯವೇ ಬೀಳಲಿಲ್ಲ.

“ಗಾಲಿ ಮೇಷ್ಟ್ರೇ!” ಎಂದಳು.

ಸೈಕಲ್ ರೇಸಿನ ಟ್ರ್ಯಾಕಿನಲ್ಲಿ ನಲವತ್ತು ವರ್ಷ ಚಕ್ರ ಕಟ್ಟಿದವರು ಅವರು. ಒಂದೊಂದೇ ಕಡ್ಡಿ ಪೋಣಿಸಿ, ಬೆಂಡು ತೆಗೆದು, ಬೆರಳಲ್ಲಿ ಮೀಟಿ ಶ್ರುತಿ ನೋಡುವ ಹಾಗೆ ಕೇಳುತ್ತಿದ್ದರು. ಯಾರಿಗೂ ಪಾಠ ಹೇಳಿದವರಲ್ಲ, ಆದರೂ ಮೇಷ್ಟ್ರು.

“ಗುರುತು ಹಿಡೀತೀಯೋ ಇಲ್ವೋ ಅಂತ ಸುಮ್ನಿದ್ದೆ,” ಎಂದರು. “ಟ್ರ್ಯಾಕಿಗೆ ಹೊಸ ಹಲಗೆ ಹಾಕಿದಾರಮ್ಮ. ಭಾನುವಾರ ಬೆಳಿಗ್ಗೆ ನಲವತ್ತು ದಾಟಿದೋರು ಒಂದಷ್ಟು ಜನ ಬರ್ತಾರೆ. ಒಂದ್ಸಲ ಬಂದು ಹೋಗು.”

“ನಾನು ಬಿಟ್ಟು ಇಪ್ಪತ್ತೆರಡು ವರ್ಷ ಆಯ್ತು ಮೇಷ್ಟ್ರೇ.”

“ನೀನು ಬಿಟ್ಟೆ. ಅದು ನಿನ್ನ ಬಿಟ್ಟಿದೆಯಾ ಅಂತ ಕೇಳಿದ್ಯಾ?”

ಅಕ್ಕ ಹತ್ತಿ ಒತ್ತಿ, ಕೈ ಮಡಚಿಕೊಳ್ಳಿ ಎಂದಷ್ಟೇ ಹೇಳಿದಳು. ಅವತ್ತು ಇಡೀ ದಿನ ಅವಳ ಮನಸ್ಸು ಮಾತ್ರ ಕುರ್ಚಿಯಲ್ಲಿ ಕೂತಿರಲಿಲ್ಲ.

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ವಿಷಯ ಕೇಳಿ, “ಏರೋದು ಇಳಿಯೋದು ನನ್ನ ಕೆಲಸ, ಸುತ್ತೋದು ನಿನ್ನ ಕೆಲಸ. ಹೋಗಿ ಬಾ,” ಎಂದು ಏಣಿ ಹಾಕಿ ಅಟ್ಟದಿಂದ ಸೈಕಲ್ ಇಳಿಸಿಕೊಟ್ಟ. ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದ ಸೈಕಲ್ಲು. ಬಿಚ್ಚಿದಾಗ ಧೂಳಿಗಿಂತ ಮೊದಲು ಹಳೆಯ ಎಣ್ಣೆಯ ವಾಸನೆ ಬಂತು.

“ತಂಗಿಗೆ ಹೇಳಿದ್ಯಾ?” ಎಂದು ಗಂಡ ಕೇಳಿದ.

“ಹೇಳ್ತೀನಿ,” ಎಂದಳು. ಹೇಳಲಿಲ್ಲ.

ಭಾನುವಾರ ಗಾಲಿ ಮೇಷ್ಟ್ರು ಆ ಸೈಕಲ್ಲಿನ ಹಿಂದಿನ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಟೈರನ್ನು ಹೆಬ್ಬೆರಳಲ್ಲಿ ಒತ್ತಿದರು. ರಿಮ್ಮಿಗೆ ಅಂಟು ಹಾಕಿ ಕೂರಿಸುವ ಹಳೇ ತರದ ಟೈರು ಅದು. ಹುಣ್ಣಿನ ಹಕ್ಕಳೆ ಎದ್ದು ಬರುವ ಹಾಗೆ ಸಲೀಸಾಗಿ ಎದ್ದು ಬಂತು.

“ನೋಡ್ದಾ? ಅಂಟು ಒಣಗಿ ಪುಡಿಯಾಗಿದೆ. ಇದನ್ನ ಹಾಕ್ಕೊಂಡು ಹೋಗಿದ್ರೆ ಮೊದಲನೇ ತಿರುವಿನಲ್ಲೇ ಟೈರು ಒಂದು ಕಡೆ, ನೀನೊಂದು ಕಡೆ. ನಾನು ಮೂವತ್ತೆರಡು ಕಡ್ಡಿದು ಒಂದು ಜೊತೆ ಚಕ್ರ ಕಟ್ಕೊಡ್ತೀನಿ. ಸಾದಾ ಚಕ್ರ. ಗೇರು ನಲವತ್ತೆಂಟಕ್ಕೆ ಹದಿನೈದು ಹಾಕೋಣ.”

ಟ್ರ್ಯಾಕ್ ಸೈಕಲ್ಲಿಗೆ ಬ್ರೇಕಿಲ್ಲ, ಗೇರ್ ಬದಲಾಯಿಸುವ ಲಿವರಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗುತ್ತಲೇ ಇರಬೇಕು, ನಿಲ್ಲಿಸುವ ಹಾಗಿಲ್ಲ. ಮುಂದೆ ಎಷ್ಟು ಹಲ್ಲು, ಹಿಂದೆ ಎಷ್ಟು ಹಲ್ಲು ಎಂದು ಹತ್ತುವ ಮುಂಚೆಯೇ ತೀರ್ಮಾನ ಮಾಡಿ ಕೂತರೆ, ಇಳಿಯುವವರೆಗೂ ಅದೇ. ಮುಂದೆ ದೊಡ್ಡದು ಹಿಂದೆ ಚಿಕ್ಕದಾದಷ್ಟೂ ಒಂದೊಂದು ತುಳಿತಕ್ಕೆ ಹೆಚ್ಚು ದೂರ. ಆದರೆ ತುಳಿತ ಅಷ್ಟೇ ಭಾರ.

“ಬೇಡ ಮೇಷ್ಟ್ರೇ. ನನ್ನ ಹಳೇದೇ ಹಾಕಿ. ಐವತ್ತಕ್ಕೆ ಹದಿನಾಲ್ಕು.”

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.”

“ಈಗಿನವರೆಲ್ಲ ಇನ್ನೂ ದೊಡ್ಡದು ತುಳೀತಾರಂತೆ?”

“ಈಗಿನವರು ತುಳೀಲಿ. ಅವರು ಇಪ್ಪತ್ತೆರಡು ವರ್ಷ ಕುರ್ಚಿ ಮೇಲೆ ಕೂತು ಬಂದಿಲ್ಲ.” ಆದರೂ ಅವಳ ಮುಖ ಕಂಡು ಮೇಷ್ಟ್ರು ಐವತ್ತಕ್ಕೆ ಹದಿನಾಲ್ಕನ್ನೇ ಹಾಕಿಕೊಟ್ಟರು.

ಅಕ್ಕನ ಹಠಕ್ಕೆ ಜಂಬ ಒಂದೇ ಕಾರಣವಾಗಿರಲಿಲ್ಲ. ನಲವತ್ತೆಂಟಕ್ಕೆ ಹದಿನೈದು ತಂಗಿಯ ಗೇರಾಗಿತ್ತು.

ಇಬ್ಬರೂ ಒಟ್ಟಿಗೇ ಟ್ರ್ಯಾಕಿಗೆ ಹೋಗುತ್ತಿದ್ದ ಕಾಲ ಅದು. ಅಕ್ಕನಿಗೆ ಇಪ್ಪತ್ತನಾಲ್ಕು, ತಂಗಿಗೆ ಇಪ್ಪತ್ತೊಂದು. ತಂಗಿಯ ಕಾಲು ಗಿರಗಟ್ಟಲೆಯ ಹಾಗೆ ಬೇಗ ಬೇಗ ತಿರುಗುವ ಕಾಲು. ಹಗುರ ಗೇರಿನಲ್ಲೇ ಅವಳು ಎಲ್ಲರ ಬೆನ್ನು ಹಿಡಿಯುತ್ತಿದ್ದಳು. “ಇನ್ನೂ ಎಷ್ಟು ದಿನ ಈ ಮಕ್ಕಳ ಗೇರು ತುಳೀತೀಯಾ?” ಎಂದು ಅಕ್ಕ ಹಂಗಿಸಿದ್ದಳು. ಒಂದು ದೊಡ್ಡ ರೇಸಿನ ಬೆಳಿಗ್ಗೆ ತಾನೇ ಸ್ಪ್ಯಾನರ್ ಹಿಡಿದು ತಂಗಿಯ ಸೈಕಲ್ಲಿಗೆ ಐವತ್ತಕ್ಕೆ ಹದಿನಾಲ್ಕು ಹಾಕಿದ್ದಳು. ರೇಸಿನ ಅರ್ಧದಲ್ಲಿ ತಂಗಿಯ ಕಾಲು ಸೋತಿತು. ಉಳಿದವರಿಗೆ ದಾರಿ ಬಿಡಲು ತಿರುವಿನ ಮೇಲ್ಭಾಗಕ್ಕೆ ಏರಿದಳು. ಅಲ್ಲಿ ಹಲಗೆ ಗೋಡೆಯ ಹಾಗೆ ಎದ್ದು ನಿಂತಿರುತ್ತದೆ. ವೇಗವಿದ್ದರೆ ಮಾತ್ರ ಟೈರು ಅಂಟಿಕೊಂಡಿರುತ್ತದೆ. ಭಾರದ ಗೇರು ಮತ್ತೆ ವೇಗ ಹಿಡಿಯಲು ಬಿಡಲಿಲ್ಲ. ಚಕ್ರ ಜಾರಿತು. ತಂಗಿ ಆ ಎತ್ತರದಿಂದ ಕೆಳಗಿನವರೆಗೂ ಉಜ್ಜಿಕೊಂಡು ಬಂದು ಬಿದ್ದಳು. ಸೊಂಟದ ಮೂಳೆ ಮುರಿಯಿತು. ಎರಡು ಸಲ ಆಪರೇಷನ್ ಆದರೂ ಎಡಗಾಲು ಒಂದು ಬೆರಳಿನಷ್ಟು ಗಿಡ್ಡವಾಗಿ ಉಳಿಯಿತು.

ಆ ಗೇರಿನ ಮಾತನ್ನು ಇಬ್ಬರೂ ಅವತ್ತಿನಿಂದ ಎತ್ತಿರಲಿಲ್ಲ. ಮದುವೆ, ಮಕ್ಕಳು, ಅಮ್ಮನ ಕಾಯಿಲೆ ಎಲ್ಲ ಮಾತಾಡಿದ್ದರು. ಅದೊಂದರ ಬಗ್ಗೆ ಮಾತ್ರ ತುಟಿ ಪಿಟಕ್ಕೆಂದಿರಲಿಲ್ಲ.

ಮೂರು ತಿಂಗಳು ಅಕ್ಕ ಭಾನುವಾರ ತಪ್ಪಿಸಲಿಲ್ಲ. ಮೊದಮೊದಲು ಕೆಳಗಿನ ನೀಲಿ ಪಟ್ಟಿಯಲ್ಲೇ ಸುತ್ತಿದಳು, ಆಮೇಲೆ ಧೈರ್ಯ ಮಾಡಿ ತಿರುವಿಗೆ ಏರಿದಳು. ಮೈ ನೆನಪಿಟ್ಟುಕೊಂಡಿತ್ತು; ಮಂಡಿ ಮರೆತಿತ್ತು. ಹೊರಡುವಾಗಿನ ಮೊದಲ ಹತ್ತು ತುಳಿತಕ್ಕೆ ಮಂಡಿಯ ಒಳಗೆ ಯಾರೋ ತಿರುಪು ಬಿಗಿದಂತಾಗುತ್ತಿತ್ತು. ಸೋಮವಾರ ಆಸ್ಪತ್ರೆಯ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದಳು. ಎಲುಬು ವಿಭಾಗದವರು ಕಂಡು, “ಅಕ್ಕ, ನಮ್ಮ ಕಡೆ ಯಾವಾಗ ಬರ್ತೀರಿ?” ಎಂದು ನಗುತ್ತಿದ್ದರು.

ಆ ಗುಂಪಿನಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರಿದ್ದರು. ಅವರ ಮೈಯಲ್ಲಿ ಇದ್ದ ಮೂಳೆಗಿಂತ ಸೈಕಲ್ಲಿನಲ್ಲಿ ಇದ್ದ ಕಾರ್ಬನ್ನೇ ಹೆಚ್ಚು ಎಂದು ಎಲ್ಲರೂ ಹಾಸ್ಯ ಮಾಡುತ್ತಿದ್ದರು. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಈಗ ಕಡಲೆ ಇದೆ ಎಂದು ಅವರೇ ತಮ್ಮ ಬೆನ್ನು ತಟ್ಟಿಕೊಳ್ಳುತ್ತಿದ್ದರು. ಕಡ್ಡಿಯೇ ಇಲ್ಲದ, ತಟ್ಟೆಯ ಹಾಗೆ ಮುಚ್ಚಿಕೊಂಡ ಡಿಸ್ಕ್ ಚಕ್ರ ಅವರ ಬಳಿ ಎರಡಿದ್ದವು.

“ತಗೊಳ್ಳಿ ಅಕ್ಕ, ಒಂದು ವಾರ ಹಾಕಿ ನೋಡಿ. ಗಾಳೀನ ಚಾಕು ಹಾಕಿ ಕುಯ್ದ ಹಾಗೆ ಹೋಗುತ್ತೆ.”

ಅಕ್ಕ ಮೇಷ್ಟ್ರ ಮುಖ ನೋಡಿದಳು.

“ಅವರು ಹೇಳೋದು ಸುಳ್ಳಲ್ಲ,” ಎಂದರು ಮೇಷ್ಟ್ರು. “ಎರಡು ಕಿಲೋಮೀಟರಿಗೆ ಒಂದೆರಡು ಸೆಕೆಂಡು ಉಳಿಸುತ್ತೆ. ಆದ್ರೆ ನೀನು ಕಳ್ಕೊಳ್ತಿರೋದು ಇಪ್ಪತ್ತು ಸೆಕೆಂಡು, ಅದೂ ಚಕ್ರದಲ್ಲಲ್ಲ.”

ಆದರೂ ಅಕ್ಕ ಹಾಕಿಸಿದಳು. ಡಿಸ್ಕಿನ ಸದ್ದೇ ಬೇರೆ. ಹಲಗೆಯ ಮೇಲೆ ಗುಂಯ್ ಎಂದು ತುಂಬಿಕೊಂಡು, ಹಿಂದೆ ಯಾರೋ ದೊಡ್ಡವರು ಬರುತ್ತಿರುವ ಹಾಗೆ. ಆ ಸದ್ದಿನ ಅಮಲಿನಲ್ಲಿ ಆರು ಸುತ್ತು ಹೋದಳು. ಏಳನೆಯದರಲ್ಲಿ ತೊಡೆ ಕಲ್ಲಾಯಿತು. ಸುಧಾರಿಸಿಕೊಳ್ಳೋಣ ಎಂದು ತಿರುವಿನ ಮೇಲಕ್ಕೆ ಏರಿದಳು. ಕಾಲು ಒತ್ತಿದರೂ ಪೆಡಲು ಕೆಳಗಿಳಿಯಲು ಮೀನಮೇಷ ಎಣಿಸಿತು. ಕಾಲ ಕೆಳಗಿನಿಂದ ಹಿಂದಿನ ಚಕ್ರ ಒಂದು ಬೆರಳಿನಷ್ಟು ಸರ್ರನೆ ಜಾರಿ ಮತ್ತೆ ಕಚ್ಚಿಕೊಂಡಿತು.

ಅಷ್ಟೇ. ಬೀಳಲಿಲ್ಲ. ಉಳಿದವರು ಯಾರೂ ಗಮನಿಸಲೂ ಇಲ್ಲ. ಅವಳು ಕೆಳಗಿಳಿದು, ನಿಧಾನ ಮಾಡಿ, ಕಂಬಿ ಹಿಡಿದು ನಿಂತಳು. ತಂಗಿಗೆ ಅವತ್ತು ಕಾಲ ಕೆಳಗೆ ಆದದ್ದು ಏನು ಎಂದು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳ ಮೈಗೆ ಗೊತ್ತಾಗಿತ್ತು. ತಲೆಗೆ ಗೊತ್ತಿರುವುದು ಬೇರೆ, ಮೈಗೆ ಗೊತ್ತಾಗುವುದು ಬೇರೆ.

ಡಿಸ್ಕನ್ನು ಬಿಚ್ಚಿ ಮ್ಯಾನೇಜರಿಗೆ ಕೊಟ್ಟು, ಅಲ್ಲಿಂದ ನೇರ ತಂಗಿಯ ಅಂಗಡಿಗೆ ಹೋದಳು.

ತಂಗಿ ಫೋಟೋಗಳಿಗೆ ಚೌಕಟ್ಟು ಹಾಕುವವಳು. ಭಾನುವಾರ ಅರ್ಧ ಷಟರ್ ಎಳೆದುಕೊಂಡು, ಗಿರಾಕಿಗಳ ಗಲಾಟೆಯಿಲ್ಲದೆ ಕೆಲಸ ಮಾಡುವುದು ಅವಳಿಗೆ ಇಷ್ಟ. ಗಿಡ್ಡ ಕಾಲಿನ ಕಡೆ ದಪ್ಪ ಅಟ್ಟೆಯ ಷೂ ಹಾಕಿ ನಿಂತು ಮರದ ಪಟ್ಟಿಯ ಮೂಲೆಯನ್ನು ಓರೆಯಾಗಿ ಕುಯ್ಯುತ್ತಿದ್ದಳು. ಎರಡು ಓರೆ ಸೇರಿದರೆ ಕೂದಲೂ ತೂರದಂಥ ಮೂಲೆ.

“ಏನೇ, ಟ್ರ್ಯಾಕಿಂದ ನೇರ ಬಂದ್ಯಾ?” ಎಂದಳು, ತಲೆ ಎತ್ತದೆ.

ಅಕ್ಕ ಬಾಗಿಲಲ್ಲೇ ನಿಂತಳು. “ನಿನಗೆ ಗೊತ್ತಾ?”

“ಭಾವ ಮೊದಲನೇ ವಾರನೇ ಹೇಳಿದ್ರು. ನೀನಾಗಿ ಯಾವಾಗ ಬಾಯಿ ಬಿಡ್ತೀಯಾ ಅಂತ ಕಾಯ್ತಿದ್ದೆ. ಮೂರು ತಿಂಗಳಾ? ನಾನು ಆರು ತಿಂಗಳು ಅಂದ್ಕೊಂಡಿದ್ದೆ.”

ಅಕ್ಕ ಗಾಜಿನ ಹಾಳೆಗಳ ಪಕ್ಕದ ಸ್ಟೂಲಿನ ಮೇಲೆ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ಅವತ್ತು ನಿನ್ನ ಸೈಕಲ್ಲಿಗೆ ಆ ಗೇರು ಹಾಕಿದ್ದು ನಾನು.”

“ಗೊತ್ತು. ತುಳಿದಿದ್ದು ನಾನೇ ಅಲ್ವಾ?”

“ಅದಕ್ಕೇ ನೀನು ಬಿದ್ದೆ.”

ಇಲ್ಲ ಕಣೇ, ಹಾಗೇನಿಲ್ಲ ಎನ್ನುತ್ತಾಳೆ ಎಂದು ಅಕ್ಕನ ಮನಸ್ಸಿನ ಒಂದು ಮೂಲೆ ಆಸೆಪಟ್ಟಿತ್ತು. ತಂಗಿ ಗರಗಸ ಕೆಳಗಿಟ್ಟಳು.

“ಹೌದು,” ಎಂದಳು. “ಅದಕ್ಕೇ ಬಿದ್ದೆ.”

ಆಮೇಲೆ ತಂಗಿ ಮರದ ಪುಡಿಯನ್ನು ಅಂಗೈಯಲ್ಲಿ ಗುಡಿಸುತ್ತಾ ಹೇಳಿದಳು: “ಮೈ ಕಾಯಿಸ್ಕೊಳ್ಳೋಕೆ ನಾಲ್ಕು ಸುತ್ತು ಹೋದೆನಲ್ಲ, ಆಗಲೇ ಗೊತ್ತಾಯ್ತು, ಇದು ನನ್ನ ಕಾಲಿಗೆ ಆಗಲ್ಲ ಅಂತ. ಇಳಿದು ಬಂದು ಬದಲಾಯಿಸ್ಕೋಬಹುದಿತ್ತು. ಐದು ನಿಮಿಷದ ಕೆಲಸ. ಯಾಕೆ ಬದಲಾಯಿಸ್ಲಿಲ್ಲ ಗೊತ್ತಾ? ನಿನ್ನ ಗೇರಲ್ಲೇ ನಿನ್ನ ಸೋಲಿಸ್ಬೇಕು ಅಂತ ಹೊಟ್ಟೆಯಲ್ಲಿ ಕಿಚ್ಚಿತ್ತು. ಹಾಕಿದ್ದು ನೀನು, ಇಟ್ಕೊಂಡಿದ್ದು ನಾನು. ಅರ್ಧ ಅರ್ಧ ಅಂತ ಇಟ್ಕೋ.”

“ನನ್ನ ಮೇಲೆ ಕೋಪ ಇರ್ಲಿಲ್ವಾ ನಿನಗೆ?”

“ಇಲ್ದೆ ಏನು? ಬಹಳ ವರ್ಷ ಇತ್ತು. ಆದ್ರೆ ಗೇರಿಗಲ್ಲ ಕಣೇ. ನಾನು ಆಸ್ಪತ್ರೆಯಿಂದ ಮನೆಗೆ ಬರೋ ಹೊತ್ತಿಗೆ ನೀನು ಸೈಕಲ್ ಸುತ್ತಿ ಅಟ್ಟಕ್ಕೆ ಹಾಕಿದ್ದೆ. ನನಗೆ ಕಾಲೂ ಹೋಯ್ತು, ನೋಡೋಕೆ ನಿನ್ನ ರೇಸೂ ಹೋಯ್ತು. ಎಲ್ಲರೂ ‘ಪಾಪ, ತಂಗಿಗೋಸ್ಕರ ಬಿಟ್ಬಿಟ್ಲು’ ಅಂತ ನಿನ್ನ ಹೊಗಳೋರು. ನಾನು ಕೇಳಿದ್ನಾ ಬಿಡು ಅಂತ? ಒಂದು ಮಾತು ನನ್ನ ಕೇಳಿದ್ಯಾ?”

ಅಕ್ಕ ತಾನು ಹೊತ್ತದ್ದು ಪ್ರಾಯಶ್ಚಿತ್ತ ಎಂದುಕೊಂಡಿದ್ದಳು. ಅದೇ ಇನ್ನೊಂದು ಹೊರೆಯಾಗಿ ತಂಗಿಯ ಹೆಗಲ ಮೇಲೆ ಕೂತಿದೆ ಎಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಳು ಬಂತು. ತಂಗಿ ಸಮಾಧಾನ ಮಾಡಲು ಬರಲಿಲ್ಲ. ಗಾಜು ಒರೆಸುವ ಬಟ್ಟೆಯನ್ನು ಅವಳ ಮಡಿಲಿಗೆ ಎಸೆದಳು.

“ಹೊಸದು, ಒರೆಸ್ಕೋ. ಈಗ ಏನು ತುಳೀತಿದೀಯಾ?”

“ಅದನ್ನೇ.”

“ಐವತ್ತಕ್ಕೆ ಹದಿನಾಲ್ಕಾ? ಈ ವಯಸ್ಸಿಗಾ? ಮಂಡಿ ಏನಂತು?”

“ನೋಯುತ್ತೆ.”

“ನೋಯದೆ ಹಾಡು ಹೇಳುತ್ತಾ? ಮೇಷ್ಟ್ರು ಏನು ಹಾಕು ಅಂದ್ರು?”

ಅಕ್ಕ ಮೂಗೊರೆಸಿಕೊಂಡಳು. “ನಲವತ್ತೆಂಟಕ್ಕೆ ಹದಿನೈದು. ಅದು ನಿನ್ನ ಗೇರು ಅಂತ ನಾನು...”

“ಗೇರಿನ ಮೇಲೆ ನನ್ನ ಹೆಸರು ಕೆತ್ತಿಸಿದೀನಾ?” ತಂಗಿಗೆ ನಗು ಬಂತು. “ಮಕ್ಕಳ ಗೇರು ಅಂತಿದ್ಯಲ್ಲ, ತುಳಿದು ನೋಡು. ಮಕ್ಕಳ ಕಾಲು ಎಷ್ಟು ಜೋರಾಗಿ ತಿರುಗ್ಬೇಕು ಅಂತ ಗೊತ್ತಾಗುತ್ತೆ.”

ಮುಂದಿನ ಭಾನುವಾರ ತಂಗಿ ತಾನೇ ಕಾರು ತಂದು ಮನೆ ಮುಂದೆ ಹಾರ್ನ್ ಹೊಡೆದಳು. ಟ್ರ್ಯಾಕಿನ ಬಾಗಿಲು ದಾಟುವಾಗ ಒಂದು ಕ್ಷಣ ಗೋಡೆಗೆ ಕೈ ಕೊಟ್ಟು ನಿಂತಳು; ಅಕ್ಕ ಹಿಡಿಯಲು ಹೋಗಲಿಲ್ಲ. ಗಾಲಿ ಮೇಷ್ಟ್ರು ಅವಳನ್ನು ಕಂಡು ಸ್ಪ್ಯಾನರ್ ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡು ಕೆನ್ನೆಗೆ ಗ್ರೀಸ್ ಬಳಿದುಕೊಂಡರು.

“ಬಂದ್ಯಾ ತಾಯಿ? ಇವಳಿಗೆ ನೀನಾದ್ರೂ ಬುದ್ಧಿ ಹೇಳು.”

“ಹೇಳಾಗಿದೆ ಮೇಷ್ಟ್ರೇ. ಹಾಕಿ.”

ಮೇಷ್ಟ್ರು ಹಿಂದಿನ ಚಕ್ರ ಬಿಚ್ಚಿ, ಹದಿನಾಲ್ಕು ಹಲ್ಲಿನದನ್ನು ತೆಗೆದು ಹದಿನೈದರದ್ದನ್ನು ಕೂರಿಸಿದರು. ಮುಂದೆ ನಲವತ್ತೆಂಟು. ಚೈನನ್ನು ಬೆರಳಲ್ಲಿ ಎತ್ತಿ ನೋಡಿ, ಬಿಗಿ ಸರಿ ಮಾಡಿ, ಮೂವತ್ತೆರಡು ಕಡ್ಡಿಯ ಚಕ್ರವನ್ನು ಗಾಳಿಯಲ್ಲಿ ಒಮ್ಮೆ ತಿರುಗಿಸಿದರು. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು.

ಮೊದಲ ದಿನ ಅಕ್ಕನಿಗೆ ಅದು ಅವಮಾನದ ಹಾಗಿತ್ತು. ಕಾಲು ಹುಚ್ಚುಹುಚ್ಚಾಗಿ ತಿರುಗಿ, ಸೀಟಿನ ಮೇಲೆ ಮೈ ಕುಪ್ಪಳಿಸುತ್ತಿತ್ತು. ಕಾಲಿನ ಬಲ ಇಲ್ಲದಿದ್ದರೆ ಹಲ್ಲು ಕಚ್ಚಿ ತುಳಿಯಬಹುದು. ಕಾಲಿನ ಲಯ ಇಲ್ಲದಿದ್ದರೆ ಹಲ್ಲು ಕಚ್ಚಿ ಪ್ರಯೋಜನವಿಲ್ಲ. ತಂಗಿ ಒಳಗಿನ ಬಯಲಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತು, ಪ್ರತಿ ಸುತ್ತಿಗೂ ಕೂಗುತ್ತಿದ್ದಳು: “ಭುಜ ಬಿಡೇ! ಹ್ಯಾಂಡಲ್ ಏನು ಓಡಿಹೋಗುತ್ತಾ? ಭುಜ ಬಿಡು!” ಮೂರನೇ ವಾರಕ್ಕೆ ಮೈ ಕುಣಿಯುವುದು ನಿಂತಿತು. ನಾಲ್ಕನೇ ವಾರ ತಿರುವಿನ ಮೇಲಕ್ಕೆ ಏರಿ, ಅಲ್ಲಿ ಒಂದಿಷ್ಟೂ ತಿಣುಕದೆ ಕಾಲು ಚುರುಕು ಮಾಡಿ ಇಳಿದು ಬಂದಳು. ಸೋಮವಾರ ಮೆಟ್ಟಿಲನ್ನು ನೆಟ್ಟಗೆ ಇಳಿದಳು. ಎಲುಬು ವಿಭಾಗದವರಿಗೆ ಒಂದು ಗಿರಾಕಿ ತಪ್ಪಿತು.

ಆರನೇ ವಾರ ನಲವತ್ತು ದಾಟಿದವರ ರೇಸು. ಎರಡು ಕಿಲೋಮೀಟರು, ಎಂಟು ಸುತ್ತು. ಇಬ್ಬರಿಬ್ಬರು ಟ್ರ್ಯಾಕಿನ ಎದುರೆದುರು ಬದಿಯಿಂದ ಹೊರಟು, ಯಾರು ಕಡಿಮೆ ಹೊತ್ತಿನಲ್ಲಿ ಮುಗಿಸುತ್ತಾರೆ ಎಂದು ತುಳಿಯುವುದು. ಹೊರಡುವಾಗ ಸೈಕಲ್ಲನ್ನು ಹಿಂದಿನಿಂದ ಒಬ್ಬರು ನೆಟ್ಟಗೆ ಹಿಡಿದುಕೊಳ್ಳಬೇಕು.

“ನಾನು ಹಿಡ್ಕೊಳ್ತೀನಿ,” ಎಂದಳು ತಂಗಿ.

“ಭಾರ ಆಗುತ್ತೆ ಕಣೇ. ನಿನ್ನ ಸೊಂಟ...”

“ನಿನ್ನ ಭಾರ ನನಗೆ ಗೊತ್ತಿಲ್ವಾ? ಮುಂದೆ ನೋಡು.”

ಸೀಟಿನ ಕೆಳಗೆ ತಂಗಿಯ ಎರಡೂ ಕೈ ಬಿಗಿಯಾಗಿ ನಿಂತದ್ದು ಅಕ್ಕನಿಗೆ ಗೊತ್ತಾಯಿತು. ಒಂದಿಷ್ಟೂ ವಾಲಲಿಲ್ಲ. ಐದು, ನಾಲ್ಕು, ಮೂರು ಎಂದು ಎಣಿಕೆ ಇಳಿದು ಸದ್ದು ಬಂತು. ಅಕ್ಕ ಎದ್ದು ನಿಂತು ತುಳಿದಳು. ಹಗುರ ಗೇರು ಕೈಕೊಡಲಿಲ್ಲ. ಅರ್ಧ ಸುತ್ತಿನೊಳಗೇ ವೇಗ ಬಂದು ಕೂತಳು. ಆಮೇಲೆ ಯೋಚನೆಗಳೆಲ್ಲ ಒಂದೊಂದಾಗಿ ಕಳಚಿಹೋದವು. ಹಲಗೆಯ ಮೇಲಿನ ಕಪ್ಪು ಗೆರೆ, ಉಸಿರು, ಕಾಲು. ನಾಲ್ಕನೇ ಸುತ್ತಿನಲ್ಲಿ ಎದುರು ಬದಿಯ ಹೆಂಗಸು, ಡಿಸ್ಕ್ ಚಕ್ರದವಳು, ಬಹಳ ಮುಂದಿದ್ದಳು. ಆರನೆಯದರಲ್ಲಿ ಅಷ್ಟು ಮುಂದಿರಲಿಲ್ಲ. ಏಳನೆಯದರಲ್ಲಿ ಜೀವ ಬಾಯಿಗೆ ಬಂತು; ತೊಡೆ ಕಲ್ಲಾಗುವುದನ್ನು ಕಾದಳು. ಆಗಲಿಲ್ಲ. ಉರಿಯಿತು, ಆದರೆ ತಿರುಗುತ್ತಲೇ ಇತ್ತು. “ಭುಜ!” ಎಂದು ಯಾರೋ ಕಿರುಚಿದರು. ಭುಜ ಬಿಟ್ಟಳು.

ಎರಡು ನಿಮಿಷ ಐವತ್ತಾರು ಸೆಕೆಂಡು. ಎದುರಿನವಳ ಮುಂದೆ ಮೂರು ಸೆಕೆಂಡಿನಿಂದ ಸೋತಳು. ಒಟ್ಟು ಏಳು ಜನರಲ್ಲಿ ಐದನೆಯವಳು. ಇಪ್ಪತ್ತನಾಲ್ಕರಲ್ಲಿ ಅವಳು ಮಾಡುತ್ತಿದ್ದ ಹೊತ್ತಿಗಿಂತ ಇದು ಇಪ್ಪತ್ತೆರಡು ಸೆಕೆಂಡು ಹೆಚ್ಚು.

“ವರ್ಷಕ್ಕೊಂದು ಸೆಕೆಂಡು,” ಎಂದು ಲೆಕ್ಕ ಹಾಕಿದರು ಗಾಲಿ ಮೇಷ್ಟ್ರು. “ಅಗ್ಗ. ಮುಂದಿನ ತಿಂಗಳು ನಲವತ್ತೆಂಟಕ್ಕೆ ಹದಿನಾಲ್ಕು ಹಾಕ್ತೀನಿ, ಈಗ ನಿನ್ನ ಕಾಲು ತಡ್ಕೊಳ್ಳುತ್ತೆ.”

ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಹಿಂದಿನ ಅಕ್ಕನಾಗಿದ್ದರೆ ಅವತ್ತೇ ಹಾಕಿ ಎನ್ನುತ್ತಿದ್ದಳು. “ಇನ್ನೂ ಸ್ವಲ್ಪ ದಿನ ಇದೇ ಇರ್ಲಿ ಮೇಷ್ಟ್ರೇ,” ಎಂದಳು. “ಇದನ್ನ ಈಗಷ್ಟೇ ಕಲೀತಿದೀನಿ.”

ತಂಗಿ ಕುರ್ಚಿ ಮಡಚಿ, ಸೈಕಲ್ಲಿನ ಎರಡೂ ಚಕ್ರ ಬಿಚ್ಚಿ, ಕಾರಿನ ಹಿಂದಿನ ಸೀಟಿನಲ್ಲಿ ಒಂದಕ್ಕೊಂದು ತಾಗದ ಹಾಗೆ ನಡುವೆ ಟವೆಲ್ ಇಟ್ಟು ಜೋಡಿಸಿದಳು.

ಕಾರು ಹೊರಟು ಎರಡು ಸಿಗ್ನಲ್ ದಾಟುವಷ್ಟರಲ್ಲಿ ಅಕ್ಕನಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಕಾರು ಅವಳ ಮನೆಯ ಮುಂದೆಯೇ ನಿಂತಿತ್ತು. ಎಂಜಿನ್ ಆರಿತ್ತು. ಮಧ್ಯಾಹ್ನದ ಬಿಸಿಲು ಮೊಣಕಾಲಿನ ಮೇಲೆ ಬಿದ್ದಿತ್ತು. ತಂಗಿ ಸೀಟು ಹಿಂದಕ್ಕೆ ಒರಗಿಸಿ, ಷೂ ಬಿಚ್ಚಿ, ಫಲಿತಾಂಶದ ಹಾಳೆಯನ್ನು ಪೇಪರ್ ಓದುವ ಹಾಗೆ ಓದುತ್ತಿದ್ದಳು.

“ಎಷ್ಟೊತ್ತಾಯ್ತೇ ಬಂದು?”

“ಮುಕ್ಕಾಲು ಗಂಟೆ.”

“ಎಬ್ಬಿಸಬಾರದಾ?”

“ಐದನೇ ಸ್ಥಾನ ಬಂದೋರನ್ನ ಎಬ್ಬಿಸೋ ಧೈರ್ಯ ನನಗೆಲ್ಲಿದೆ?” ಎಂದು ತಂಗಿ ಹಾಳೆ ಮಡಚಿದಳು. “ಇಳಿ. ಹೊಟ್ಟೆ ಹಸೀತಿದೆ. ಭಾವ ಆಗಿಂದ ಎರಡು ಸಲ ಕಿಟಕಿಯಿಂದ ಇಣುಕಿ ನೋಡಿದ್ರು.”

ಅಕ್ಕ ಬಾಗಿಲು ತೆರೆದು ಕಾಲು ಕೆಳಗಿಟ್ಟಳು. ತೊಡೆಗಳು ಮರಗಟ್ಟಿದ್ದವು, ಎರಡು ಹೆಜ್ಜೆ ಅವಳೂ ಕುಂಟಿದಳು. ತಂಗಿ ನೋಡಿ ನಕ್ಕಳು, ಅಕ್ಕನೂ ನಕ್ಕಳು. ಇಬ್ಬರೂ ಒಂದೊಂದು ಚಕ್ರ ಹಿಡಿದುಕೊಂಡು ಒಳಗೆ ಹೋದರು.